ಶಾಲೆಯ ಹಿಂದಿನ ಕೆರೆಗೆ ದಾರಿ ಯಾವುದು?

ಕಳೆದ ಜೂನ್ ತಿಂಗಳಲ್ಲಿ ಬೆಂಗಳೂರಿನ ದಕ್ಷಿಣ ಭಾಗದ ಶಾಲೆಯೊಂದು ವಿಶ್ವ ಪರಿಸರ ದಿನಾಚರಣೆಗೆ ನನ್ನನ್ನು ಅತಿಥಿಯಾಗಿ ಕರೆದಿತ್ತು. ನಿವೃತ್ತ ಅಧಿಕಾರಿಗಳಿಗೆ ಇಂಥ ಆಹ್ವಾನಗಳು ಬರುತ್ತಿರುತ್ತವೆ. ಸಸಿಗೆ ನೀರೆರೆದು, ನಾಲ್ಕು ಮಾತನಾಡಿ ಬರುವುದು ರೂಢಿ. ಅಂದು ಭಾಷಣದ ಬದಲು ಎಂಟನೇ ತರಗತಿಯ ಮಕ್ಕಳಿಗೆ ಕೆಲವು ಪ್ರಶ್ನೆಗಳನ್ನು ಕೇಳಿದೆ. ಕರ್ನಾಟಕದ ರಾಮ್ಸಾರ್ ತಾಣಗಳಾವುವು ಎಂದಾಗ ಹುಡುಗಿಯೊಬ್ಬಳು ಎದ್ದು ನಿಂತು, 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ ಎಂದು ತಡವರಿಸದೆ ಹೇಳಿದಳು. ಶಾಲೆಯ ಕಾಂಪೌಂಡಿನ ಆಚೆ ಇರುವ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ತುಂಬಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಶಿಕ್ಷಕರೂ ಪರಸ್ಪರ ಮುಖ ನೋಡಿಕೊಂಡರು.

ಇದು ಆ ಒಂದು ಶಾಲೆಯ ದೋಷವಲ್ಲ. ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿದ್ದು 1991ರಲ್ಲಿ. ಅದಕ್ಕೆ ತಕ್ಕ ಪಠ್ಯಕ್ರಮ ರೂಪಿಸುವಂತೆ 2003ರಲ್ಲಿ ಎನ್‌ಸಿಇಆರ್‌ಟಿಗೆ ಸೂಚಿಸಿತು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ಶಿಕ್ಷಣ ನೀತಿಯಲ್ಲಿ, ಮುಖ್ಯವಾಗಿ ಕಸುಬುಗಳ ಪರಿಚಯಕ್ಕೆಂದು, ಹತ್ತು ಬ್ಯಾಗ್‌ರಹಿತ ದಿನಗಳ ಪ್ರಸ್ತಾಪವೂ ಬಂತು. ಆದೇಶಕ್ಕೂ ನೀತಿಗೂ ಕೊರತೆಯಿಲ್ಲ. ಆದರೆ ಪರಿಸರವೆಂಬುದು ಮತ್ತೊಂದು ಪಠ್ಯಪುಸ್ತಕವಾಗಿ, ಅಂಕದ ಪ್ರಶ್ನೆಯಾಗಿ ಉಳಿಯಿತು.

ಹೊರಸಂಚಾರವೆಂದರೆ ನಮ್ಮ ಶಾಲೆಗಳಿಗೆ ಡಿಸೆಂಬರ್ ತಿಂಗಳ ಬಸ್ ಪ್ರವಾಸ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದಂಥ ಕಾರ್ಯಕ್ರಮಗಳು ಒಳ್ಳೆಯವೇ. ಆದರೆ ವರ್ಷಕ್ಕೊಮ್ಮೆ ಕಾಡು ಕಂಡ ಮಗು, ನಿಸರ್ಗವೆಂಬುದು ದೂರದಲ್ಲೆಲ್ಲೋ ಬಸ್ ಹತ್ತಿ ಹೋಗಿ ನೋಡುವ ವಸ್ತುವೆಂದು ತಿಳಿಯುವ ಅಪಾಯವಿದೆ.

ಅದೇ ಮಗುವನ್ನು ಅದೇ ಕೆರೆಯ ಏರಿಯ ಮೇಲೆ ವರ್ಷದಲ್ಲಿ ಐದಾರು ಬಾರಿ ನಡೆಸಿ ನೋಡಿ. ಜೂನ್‌ನ ಮೊದಲ ಮಳೆಗಳಲ್ಲಿ ರಾಜಕಾಲುವೆಯಿಂದ ಕಪ್ಪು ನೀರೂ ಪ್ಲಾಸ್ಟಿಕ್ಕೂ ನುಗ್ಗುವುದು ಕಾಣುತ್ತದೆ. ಅಕ್ಟೋಬರ್‌ನಲ್ಲಿ ಕೋಡಿ ಹರಿಯಬಹುದು. ಚಳಿಗಾಲದಲ್ಲಿ ವಲಸೆ ಬಾತುಗಳು ಬಂದಿಳಿಯುತ್ತವೆ. ಯುಗಾದಿಯ ಆಸುಪಾಸಿಗೆ ಹೊಂಗೆ ಚಿಗುರುತ್ತದೆ. ನಾವು ಬಾಲ್ಯದಲ್ಲಿ ಬಾಲ ಹಿಡಿಯಲು ಅಟ್ಟಿಸಿಕೊಂಡು ಹೋಗುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲೇ ಬೆಳೆದು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂಬುದನ್ನು (ನನಗೇ ಇದು ತಿಳಿದದ್ದು ಐವತ್ತು ದಾಟಿದ ಮೇಲೆ) ಅಲ್ಲಿಯೇ ತೋರಿಸಬಹುದು. ನಮ್ಮ ಕೆರೆಗಳು ಬಿಡಿ ಹೊಂಡಗಳಲ್ಲ; ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಸರಣಿ ಅವು. ಈ ಶಾಲೆಯ ಕೆರೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ, ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. 2015, 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿ ಸುದ್ದಿಯಾದ ಬೆಳ್ಳಂದೂರು ತಮ್ಮ ಕೆರೆಯ ಕೆಳಗಿನ ಮನೆಯೇ ಎಂಬುದು ಮಕ್ಕಳಿಗೆ ಪುಸ್ತಕದಿಂದ ಹೊಳೆಯುವ ಸಂಗತಿಯಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ‘ಬಾಹ್ಯ ಪರಿಣಾಮ’ವೆಂಬ ಪರಿಕಲ್ಪನೆಯನ್ನು ರೇಖಾಚಿತ್ರಗಳಲ್ಲಿ ಕಲಿತೆ. ಕೊಳಚೆಯನ್ನು ಸಂಸ್ಕರಿಸದೆ ಕಾಲುವೆಗೆ ಬಿಡುವ ಬಡಾವಣೆ ತನ್ನ ಖರ್ಚನ್ನು ಉಳಿಸಿಕೊಳ್ಳುತ್ತದೆ, ಆ ಖರ್ಚನ್ನು ಕೆಳಗಿನವರು ತೆರುತ್ತಾರೆ: ಇಷ್ಟೇ ಅದರ ಸಾರ. ಕಾಲುವೆಯ ಬಾಯಲ್ಲಿ ಹತ್ತು ನಿಮಿಷ ನಿಂತ ಹನ್ನೆರಡು ವರ್ಷದ ಹುಡುಗನಿಗೆ ಇದು ಎಂ.ಎ. ಮಾಡದೆಯೇ ಅರ್ಥವಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದನ್ನೂ 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದದ್ದನ್ನೂ ಕಂಡ ತಲೆಮಾರು ಇದು. ಎರಡಕ್ಕೂ ನಡುವಿನ ಕೊಂಡಿ ಈ ಕೆರೆ, ಈ ಕಾಲುವೆ. ಇನ್ನು ಕೆಲವೇ ವರ್ಷಗಳಲ್ಲಿ ಈ ಮಕ್ಕಳು ಮತದಾರರು, ತೆರಿಗೆದಾರರು, ಬಹುಶಃ ಕಾಲುವೆಯ ಪಕ್ಕದ ನಿವೇಶನ ಕೊಳ್ಳುವವರು.

ಹಾಗಾದರೆ ಶಿಕ್ಷಕರು ಮಕ್ಕಳನ್ನು ಹೊರಗೇಕೆ ಕರೆದೊಯ್ಯುವುದಿಲ್ಲ? ಇದಕ್ಕೆ ಉತ್ತರಿಸುವಾಗ ನನ್ನ ಪಾಲನ್ನೂ ಒಪ್ಪಿಕೊಳ್ಳಬೇಕಾಗಿದೆ. 1990ರ ದಶಕದಲ್ಲಿ ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದಾಗ ಶಾಲಾ ಮಗುವೊಂದು ಕಲ್ಯಾಣಿಯಲ್ಲಿ ಮುಳುಗಿ ತೀರಿಕೊಂಡಿತು. ಮರುದಿನವೇ ಸುತ್ತೋಲೆಯ ಕರಡನ್ನು ಬರೆದವನು ನಾನು: ಮೇಲಧಿಕಾರಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಮಕ್ಕಳನ್ನು ಶಾಲೆಯಿಂದ ಹೊರಗೆ ಕರೆದೊಯ್ಯಕೂಡದು, ತಪ್ಪಿದಲ್ಲಿ ಮುಖ್ಯ ಶಿಕ್ಷಕರೇ ವೈಯಕ್ತಿಕವಾಗಿ ಹೊಣೆ. ಆ ತಾಯಿಯ ಮುಖ ನೋಡಿ ಬಂದವನಿಗೆ ಅಂದು ಬೇರೇನೂ ತೋಚಲಿಲ್ಲ. ವರ್ಷಗಳ ಬಳಿಕ ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕಾಗ ಹೇಳಿದರು: “ನಿಮ್ಮ ಸುತ್ತೋಲೆ ಬಂದ ಮೇಲೆ ನಾವು ಶಾಲೆಯ ಪಕ್ಕದ ಮಾವಿನತೋಪಿಗೂ ಹೋಗಲಿಲ್ಲ ಸ್ವಾಮಿ.”

ಅಪಾಯ ಸುಳ್ಳಲ್ಲ, ನೀರಿನ ಬಳಿ ಎಚ್ಚರ ಬೇಕೇ ಬೇಕು. ಆದರೆ ಎಚ್ಚರಕ್ಕೂ ನಿಷೇಧಕ್ಕೂ ವ್ಯತ್ಯಾಸವಿದೆ. ಶಾಲೆಯಿಂದ ಒಂದು ಕಿಲೋಮೀಟರ್ ಒಳಗಿನ ನಡಿಗೆಗೆ ವರ್ಷಕ್ಕೊಂದೇ ಅನುಮತಿ ಸಾಕು. ಹತ್ತು ಮಕ್ಕಳಿಗೊಬ್ಬ ಹಿರಿಯರಿರಲಿ, ನೀರಿನಂಚಿಗೆ ಯಾರೂ ಇಳಿಯದಿರಲಿ. ಈ ನಿಯಮಗಳನ್ನು ಪಾಲಿಸಿದ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲುತ್ತದೆಂದು ಆದೇಶದಲ್ಲೇ ಬರೆಯಬೇಕು. ಇದಿಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥ. ಇಬ್ಬರೇ ಶಿಕ್ಷಕರಿರುವ ಸರ್ಕಾರಿ ಶಾಲೆಯಲ್ಲಿ ಹೊರಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದುದೇ. ದಿನಬೆಳಗಾದರೆ ಕೆರೆಯ ಸುತ್ತ ನಡೆದಾಡುವ ನಮ್ಮಂಥ ನಿವೃತ್ತರು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬರಬಹುದು.

ಆ ಶಾಲೆಯ ಮುಖ್ಯ ಶಿಕ್ಷಕಿ ಧೈರ್ಯವಂತೆ. ಪೋಷಕರ ಒಪ್ಪಿಗೆ ಪಡೆದು ಆಗಸ್ಟ್‌ನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಏರಿಯ ಮೇಲೆ ಕರೆತಂದರು; ನಾವು ಮೂವರು ಹಿರಿಯರು ಜೊತೆಗಿದ್ದೆವು. ತೂಬು ಕಂಡಿತು, ಮಿಂಚುಳ್ಳಿ ಕಂಡಿತು, ಕೋಡಿ ಮಾತ್ರ ಪೊದೆಯಲ್ಲಿ ಮುಚ್ಚಿಹೋಗಿತ್ತು. ಕಾಲುವೆಯ ಪಕ್ಕದಲ್ಲಿ ಒಂದು ಅಡಿ ಅಗಲದ ಪೈಪಿನಿಂದ ಬೂದುಬಣ್ಣದ ನೀರು ಸುರಿಯುತ್ತಿತ್ತು. ಅದು ಯಾರ ಪೈಪು ಎಂದು ಹುಡುಗನೊಬ್ಬ ಕೇಳಿದ. ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಕ್ಕಳು ಅದರ ಚಿತ್ರ ಬರೆದು, ಅದೇ ಪ್ರಶ್ನೆಯನ್ನು ಕೇಳಿ ಸಂಬಂಧಪಟ್ಟ ಕಚೇರಿಗೆ ಪತ್ರ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ನಡಿಗೆಯ ದಿನ ನೆನಪೋಲೆ ಬರೆಯುವುದೆಂದು ತರಗತಿಯಲ್ಲಿ ತೀರ್ಮಾನವಾಗಿದೆ.