ಬಿಡುವಿನ ವೇಳೆಯೂ ಬೋಧನಾಭ್ಯಾಸವೇ

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ ಎಲ್ಲಕ್ಕೂ ಅಂಕಣಗಳಿವೆ. ಬಿಡುವಿನ ಗಂಟೆ ಹೊಡೆದ ಮೇಲೆ ಏನಾಯಿತು ಎಂದು ಕೇಳುವ ಅಂಕಣ ಇಲ್ಲ. ಮಕ್ಕಳ ಜಗಳ ಕೈಗೆ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಪ್ರಶಿಕ್ಷಣಾರ್ಥಿಗಳು ಆಗ ಶಿಕ್ಷಕರ ಕೊಠಡಿಯಲ್ಲಿ ಮುಂದಿನ ಪಾಠದ ಚಾರ್ಟಿಗೆ ಬಣ್ಣ ತುಂಬುತ್ತಿರುತ್ತಾರೆ.

ಹೊಡೆದಾಟ ಆಯಿತೆಂದರೆ ‘ಈಗಿನ ಮಕ್ಕಳೇ ಹೀಗೆ’ ಅಥವಾ ‘ಈ ಊರೇ ಹೀಗೆ’ ಎಂದು ಹೇಳಿ ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. 1997-98ರಲ್ಲಿ ಐರ್ಲೆಂಡ್, ಇಸ್ರೇಲ್, ಪೋರ್ಚುಗಲ್, ಸ್ವೀಡನ್ ಮತ್ತು ಅಮೆರಿಕದ ಶಾಲಾ ಮಕ್ಕಳನ್ನು ಒಂದೇ ಬಗೆಯ ಪ್ರಶ್ನೆ ಕೇಳಿ ಹೋಲಿಸಿದ ಅಧ್ಯಯನವಿದೆ. 11ರಿಂದ 15ರ ಆಸುಪಾಸಿನ ಈ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿ ಹಿಂದಿನ ಒಂದು ವರ್ಷದಲ್ಲಿ ಹೊಡೆದಾಡಿದ್ದರು, ಸುಮಾರು 10 ಮಂದಿ ಆಯುಧ ಇಟ್ಟುಕೊಂಡು ಓಡಾಡಿದ್ದರು. ಈ ಎರಡರಲ್ಲೂ ಅಮೆರಿಕ ಉಳಿದವುಗಳಿಗಿಂತ ಬೇರೆಯಾಗಿರಲಿಲ್ಲ. 2019ರ ಯುನೆಸ್ಕೊ ವರದಿಯೂ ಜಗತ್ತಿನ ವಿದ್ಯಾರ್ಥಿಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವರ್ಷಕ್ಕೊಮ್ಮೆಯಾದರೂ ಹೊಡೆದಾಟದಲ್ಲಿ ಸಿಲುಕುತ್ತಾರೆ ಎನ್ನುತ್ತದೆ.

ಹಾಗಾದರೆ ದೇಶದಿಂದ ದೇಶಕ್ಕೆ ಬದಲಾಗುವುದೇನು? ಒಂದು, ಕೈಗೆ ಸಿಗುವ ವಸ್ತು. ಅಮೆರಿಕದಲ್ಲಿ 2020ರಲ್ಲಿ 1ರಿಂದ 19 ವಯಸ್ಸಿನವರ ಸಾವಿಗೆ ಬಂದೂಕೇ ಮೊದಲ ಕಾರಣವಾಯಿತು (ಆತ್ಮಹತ್ಯೆಗಳೂ ಇದರಲ್ಲಿ ಸೇರಿವೆ). ಇನ್ನೊಂದು, ಬಲಹೀನರನ್ನು ಸತಾಯಿಸುವ ಅಭ್ಯಾಸ. ಅದೇ ಅಧ್ಯಯನದಲ್ಲಿ ಯಾರನ್ನೂ ಸತಾಯಿಸಿಲ್ಲ ಎಂದವರು ಸ್ವೀಡನ್ನಿನಲ್ಲಿ ಶೇ. 85, ಇಸ್ರೇಲಿನಲ್ಲಿ ಶೇ. 57. ಇಷ್ಟು ಅಂತರವಿರುವುದು ಹುಟ್ಟುಗುಣ ಆಗಿರಲಾರದು. ದೊಡ್ಡವರು ಎಷ್ಟನ್ನು ಸಹಿಸುತ್ತಾರೆ ಎಂಬುದೂ ಅದರಲ್ಲಿ ಸೇರಿರಬೇಕು ಎಂದು ನನ್ನ ಅನಿಸಿಕೆ.

ಶಿಕ್ಷಕರ ಪಾತ್ರ ಇರುವುದು ಇಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಶಾಲಾ ಸಮೀಕ್ಷೆಯ ಪ್ರಕಾರ, ಸರಿಸುಮಾರು ಸಮಬಲದ ಇಬ್ಬರು ತಾವಾಗಿಯೇ ಕೈಮಿಲಾಯಿಸಿದರೆ ಅದು ಹೊಡೆದಾಟ. ದಿನವೂ ಒಬ್ಬನ ಬುತ್ತಿ ಕಿತ್ತುಕೊಂಡು, ಅಡ್ಡಹೆಸರಿಟ್ಟು ಕೂಗುವುದು ಬೇರೆ. ನಾನು ವೀಕ್ಷಣೆಗೆ ಹೋದ ಶಾಲೆಗಳಲ್ಲಿ ಎರಡಕ್ಕೂ ಒಂದೇ ತೀರ್ಪು: ‘ಇಬ್ಬರೂ ಕೈಕುಲುಕಿ, ಸಾರಿ ಹೇಳಿ.’ ಎರಡು ತಿಂಗಳು ಸಹಿಸಿ ಒಂದು ದಿನ ತಿರುಗಿ ಹೊಡೆದ ಹುಡುಗನಿಗೆ ಆ ಕೈಕುಲುಕು ಇನ್ನೊಂದು ಅವಮಾನ. ಮರುದಿನ ಅವನ ಜೇಬಿನಲ್ಲಿ ಕೈವಾರ ಬಂದರೆ ಆಶ್ಚರ್ಯವೇನು?

ಬ್ಯಾಗ್ ತಪಾಸಣೆ ಇದಕ್ಕೆ ಪರಿಹಾರವಲ್ಲ. ಜಾಮಿಟ್ರಿ ಬಾಕ್ಸ್ ಎಲ್ಲ ಮಕ್ಕಳ ಬ್ಯಾಗಿನಲ್ಲೂ ಇದೆ, ಅದನ್ನು ತರಲು ಹೇಳಿದವರೂ ನಾವೇ. ಬೆತ್ತವಂತೂ ಬೇಡವೇ ಬೇಡ; ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ನನ್ನ ಸಲಹೆ ಇಷ್ಟೇ. ಇಂಟರ್ನ್‌ಶಿಪ್‌ನಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಒಂದು ವಾರ ಬಿಡುವಿನ ವೇಳೆ ಮೈದಾನದಲ್ಲಿರಲಿ. ಒಂಟಿಯಾಗಿ ನಿಲ್ಲುವವರು ಯಾರು, ಶೌಚಾಲಯದ ಹಿಂದೆ, ಸೈಕಲ್ ನಿಲ್ಲಿಸುವಲ್ಲಿ, ನಲ್ಲಿಯ ಬಳಿ ಯಾರ ಕಣ್ಣೂ ಬೀಳದ ಜಾಗ ಯಾವುದು ಎಂದು ಒಂದು ಪುಟ ಬರೆಯಲಿ. ಜಗಳ ಬಿಡಿಸುವುದನ್ನೂ ಸೂಕ್ಷ್ಮಬೋಧನೆಯಂತೆ ಕಾಲೇಜಿನಲ್ಲೇ ಅಭ್ಯಾಸ ಮಾಡಿಸೋಣ. ಮೊದಲು ಸುತ್ತ ನಿಂತ ಗುಂಪನ್ನು ಚದುರಿಸಬೇಕು. ನೋಡುವವರು ಇರುವತನಕ ಇಬ್ಬರಿಗೂ ಹಿಂದೆ ಸರಿಯಲು ಮಾನ ಅಡ್ಡ ಬರುತ್ತದೆ. ಹೆಸರು ಹಿಡಿದು ಕರೆಯಬೇಕು. ಕೈಯಲ್ಲಿ ಚೂಪಾದ ವಸ್ತುವಿದ್ದರೆ ಒಬ್ಬರೇ ನಡುವೆ ನುಗ್ಗದೆ ಹಿರಿಯ ಶಿಕ್ಷಕರಿಗೆ ಹೇಳಿಕಳಿಸಬೇಕು. ತಲೆಗೆ ಪೆಟ್ಟಾದ ಮಗುವನ್ನು ಪೋಷಕರಿಗೆ ತಿಳಿಸದೆ ಮನೆಗೆ ಕಳಿಸಬಾರದು. ವಿಚಾರಣೆ ಆಮೇಲೆ, ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ.

ಈಗಾಗಲೇ ದಾಖಲೆಗಳ ಹೊರೆ ಜಾಸ್ತಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜ. ಎರಡು ಚಾರ್ಟು ಕಡಿಮೆ ಮಾಡಿಸಿದರೆ ಆ ಒಂದು ಪುಟಕ್ಕೆ ಸಮಯ ಸಿಗುತ್ತದೆ.