ಪಠ್ಯಪುಸ್ತಕ ಅಳೆಯಲು ಮೂರು ಪುಟ ಸಾಕು

ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಪ್ರಕಾಶಕರ ಪ್ರತಿನಿಧಿಗಳು ಸ್ಪೆಸಿಮನ್ ಕಾಪಿಗಳ ಚೀಲ ಹೊತ್ತು ಪದವಿ ಕಾಲೇಜುಗಳ ಸ್ಟಾಫ್ ರೂಮಿಗೆ ಬರುತ್ತಾರೆ. ಬಿಬಿಎ ವಿದ್ಯಾರ್ಥಿಗಳಿಗೆ ‘ಆರ್ಗನೈಸೇಷನಲ್ ಬಿಹೇವಿಯರ್’ ಎಂಬ ವಿಷಯ ಇರುತ್ತದೆ. ಕಾಲೇಜಿನಲ್ಲಿ ಎಲ್ಲರೂ ಅದನ್ನು ‘ಓಬಿ’ ಎಂದೇ ಕರೆಯುವುದು. ಕೆಲಸದ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂದು ಕಲಿಸುವ ವಿಷಯ ಅದು. ಅದಕ್ಕೆ ಪುಸ್ತಕ ಆರಿಸುವಾಗ ನಾವು ಅಧ್ಯಾಪಕರು ನೋಡುವುದು ನಾಲ್ಕು ಸಂಗತಿ: ಸಿಲಬಸ್ಸಿನ ಯೂನಿಟ್‌ಗಳು ಅದೇ ಕ್ರಮದಲ್ಲಿವೆಯೇ, ಹಿಂದಿನ ಪ್ರಶ್ನೆಪತ್ರಿಕೆಗಳು ಕೊನೆಯಲ್ಲಿವೆಯೇ, ಉತ್ತರಗಳು ಪಾಯಿಂಟ್ ಪಾಯಿಂಟಾಗಿ ಇವೆಯೇ, ಬೆಲೆ ಎಷ್ಟು. ನಾಲ್ಕೂ ಸರಿಬಂದರೆ ಪುಸ್ತಕ ಒಳ್ಳೆಯದು ಎಂದು ತೀರ್ಮಾನವಾಗುತ್ತದೆ. ಅದರಲ್ಲಿ ಬರೆದಿರುವುದು ನಿಜವೇ, ನಿಜವೆಂದು ಗೊತ್ತಾದದ್ದು ಹೇಗೆ ಎಂದು ಕೇಳುವವರು ತೀರಾ ಕಡಿಮೆ.

ಈ ವಿಷಯ ಕಲಿಸುತ್ತ ಬಂದಿರುವ ನನಗೆ ಇದು ಸಣ್ಣ ಲೋಪ ಅನ್ನಿಸುವುದಿಲ್ಲ. ಅಕೌಂಟೆನ್ಸಿ ಪುಸ್ತಕದಲ್ಲಿ ತಪ್ಪಿದ್ದರೆ ಲೆಕ್ಕ ತಾಳೆಯಾಗದೆ ಅದು ತಾನೇ ಗೊತ್ತಾಗುತ್ತದೆ. ಓಬಿ ಪುಸ್ತಕದ ತಪ್ಪು ಹಾಗೆ ಹೊರಬೀಳುವುದಿಲ್ಲ. ಅದು ಓದಿದವರ ತಲೆಯಲ್ಲಿ ಕೂತು, ಮುಂದೆ ಅವರು ಸೂಪರ್‌ವೈಸರೋ ಎಚ್‌ಆರ್ ಅಧಿಕಾರಿಯೋ ಆದಾಗ ಇನ್ನೊಬ್ಬರ ರಜೆ, ಸಂಬಳ, ಮರ್ಯಾದೆಯ ಮೇಲೆ ಪರಿಣಾಮ ಬೀರುತ್ತದೆ. ಹಾಗಾಗಿ ಓಬಿ ಪುಸ್ತಕ ಕೈಗೆ ಬಂದಾಗ ನಾನು ಮೂರು ಕಡೆ ತೆರೆದು ನೋಡುತ್ತೇನೆ. ಆ ಮೂರು ಕಡೆ ಪುಸ್ತಕ ಪ್ರಾಮಾಣಿಕವಾಗಿದ್ದರೆ ಉಳಿದ ಕಡೆಯೂ ಬಹುಮಟ್ಟಿಗೆ ಹಾಗೇ ಇರುತ್ತದೆ.

ಮೊದಲನೆಯದು ಪ್ರೇರಣೆಯ ಅಧ್ಯಾಯದಲ್ಲಿರುವ ಮಾಸ್ಲೊ ಪುಟ. ಐದು ಮೆಟ್ಟಿಲಿನ ಪಿರಮಿಡ್ಡು: ಕೆಳಗೆ ಹಸಿವು ನೀರಡಿಕೆ, ಮೇಲೆ ಭದ್ರತೆ, ಆಮೇಲೆ ಪ್ರೀತಿ, ಗೌರವ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಕೆಳಗಿನದು ತೀರಿದ ಮೇಲೆಯೇ ಮೇಲಿನದು ಎಂದು ಬಹಳಷ್ಟು ಪುಸ್ತಕಗಳು ಬರೆಯುತ್ತವೆ. ಅಬ್ರಹಾಂ ಮಾಸ್ಲೊ ಈ ವಿಚಾರ ಮಂಡಿಸಿದ್ದು 1943ರಲ್ಲಿ, ಒಂದು ಮನೋವಿಜ್ಞಾನ ಪತ್ರಿಕೆಯ ಲೇಖನದಲ್ಲಿ. ಆ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಒಂದು ಅಗತ್ಯ ನೂರಕ್ಕೆ ನೂರು ತೀರಿದ ಮೇಲೆಯೇ ಮುಂದಿನದು ಹುಟ್ಟುತ್ತದೆ ಎಂದು ತಿಳಿಯಬೇಡಿ ಎಂದು ಅವರೇ ಎಚ್ಚರಿಸಿದ್ದಾರೆ. ಉದಾಹರಣೆಗೆಂದು ಶೇ 85, 70, 50, 40, 10 ಎಂಬ ಊಹೆಯ ಅಂಕಿಗಳನ್ನೂ ಕೊಟ್ಟಿದ್ದಾರೆ. ಕೆಲವರಲ್ಲಿ ಈ ಕ್ರಮ ಅದಲುಬದಲಾಗುತ್ತದೆ ಎಂದೂ ಒಪ್ಪಿಕೊಂಡಿದ್ದಾರೆ. ಪಿರಮಿಡ್ಡಿನ ಜಾಡು ಹಿಡಿದು ಹೊರಟ ಬ್ರಿಜ್‌ಮನ್, ಕಮ್ಮಿಂಗ್ಸ್ ಮತ್ತು ಬ್ಯಾಲಾರ್ಡ್ ಎಂಬ ಮೂವರು ವಿದ್ವಾಂಸರು, ಅದು 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರ ಬರೆದ ಲೇಖನದಿಂದ ಬಂದದ್ದೆಂದು 2019ರಲ್ಲಿ ತೋರಿಸಿದರು. ಅದಕ್ಕೂ ಬಹಳ ಮೊದಲೇ, 1976ರಲ್ಲಿ, ವಹ್ಬಾ ಮತ್ತು ಬ್ರಿಡ್‌ವೆಲ್ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ನೋಡಿ, ಈ ಕ್ರಮಕ್ಕೆ ಸಿಕ್ಕಿರುವ ಬೆಂಬಲ ತೀರಾ ಅಲ್ಪ ಎಂದಿದ್ದರು.

ಮಾಸ್ಲೊನನ್ನು ಪುಸ್ತಕದಿಂದ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಅವನದು ಯೋಚನೆಗೆ ಹಚ್ಚುವ ಊಹೆ. ಊಹೆಯನ್ನು ಊಹೆಯೆಂದೇ ಹೇಳಬೇಕು. ಹೇಳಿದ್ದು ಯಾರು, ಯಾವಾಗ, ಯಾರನ್ನು ನೋಡಿ ಎಂಬ ಮೂರು ಮಾತು ಪುಸ್ತಕದಲ್ಲಿರಬೇಕು. ಮುಂದಿನ ಪುಟದ ಹರ್ಜ್‌ಬರ್ಗ್ ಸಿದ್ಧಾಂತಕ್ಕೂ ಇದೇ ಅಳತೆ. 1959ರ ಆ ಅಧ್ಯಯನ ನಡೆದದ್ದು ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರುಗಳು ಮತ್ತು ಅಕೌಂಟೆಂಟರ ನಡುವೆ. ಸಂಬಳ ಅತೃಪ್ತಿಯನ್ನು ತಡೆಯಬಹುದೇ ಹೊರತು ಪ್ರೇರಣೆ ಕೊಡಲಾರದು ಎಂದು ಅಲ್ಲಿ ಕಂಡದ್ದನ್ನು ದಿನಗೂಲಿಯವರಿಗೂ ಹಾಗೇ ಅನ್ವಯಿಸಬಹುದೇ? ‘ಎಂಜಿನಿಯರುಗಳು ಮತ್ತು ಅಕೌಂಟೆಂಟರು’ ಎಂಬ ಎರಡು ಪದ ಪುಟದಲ್ಲಿದ್ದರೆ ಈ ಪ್ರಶ್ನೆ ವಿದ್ಯಾರ್ಥಿಗೇ ಹೊಳೆಯುತ್ತದೆ. ಆ ಎರಡು ಪದ ಬಿಟ್ಟ ಪುಸ್ತಕ ವಿದ್ಯಾರ್ಥಿಗೆ ಪ್ರಶ್ನೆ ಕೇಳುವ ದಾರಿಯನ್ನೇ ಮುಚ್ಚಿಬಿಡುತ್ತದೆ.

ಎರಡನೆಯದು ಹಾಥಾರ್ನ್ ಪುಟ. ಷಿಕಾಗೊ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳ ಕಥೆ ಪ್ರತಿಯೊಂದು ಓಬಿ ಪುಸ್ತಕದಲ್ಲೂ ಇದೆ. ದೀಪದ ಬೆಳಕು ಹೆಚ್ಚಿಸಿದಾಗ ಉತ್ಪಾದನೆ ಏರಿತು, ತಗ್ಗಿಸಿದಾಗಲೂ ಏರಿತು. ಆಮೇಲೆ ರಿಲೇ ಜೋಡಿಸುವ ಕೊಠಡಿಯಲ್ಲಿ ಐವರು ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ ವಿರಾಮ, ಕೆಲಸದ ಅವಧಿ, ತಿಂಡಿ ಎಲ್ಲ ಬದಲಿಸಿ ನೋಡಿದರು, ಉತ್ಪಾದನೆ ಏರುತ್ತಲೇ ಹೋಯಿತು. ಆದ್ದರಿಂದ ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆಯೇ ಕೆಲಸ ಮಾಡಿಸುತ್ತದೆ. ಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ.

ನಮ್ಮ ಕಾಲೇಜಿನ ಬಹಳಷ್ಟು ಮಕ್ಕಳ ಅಮ್ಮಂದಿರು ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತಿ ಹೋಗುವವರು. ಈ ಪಾಠ ಮಾಡುವಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಆ ಐದು ಜನಕ್ಕೆ ದುಡ್ಡು ಕೊಡೋ ರೀತಿ ಏನಾದ್ರೂ ಬದಲಾಯ್ಸಿದ್ರಾ? ಇನ್ಸೆಂಟಿವ್ ಇದ್ರೆ ಮಾತ್ರ ಲೈನ್ ಓಡೋದು ಅಂತ ನಮ್ಮಮ್ಮ ಹೇಳ್ತಾರೆ.” ಅವಳ ಕೈಯಲ್ಲಿದ್ದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆದರೆ ಉತ್ತರ ಇದೆ. ಹೌದು, ಬದಲಾಯಿಸಿದ್ದರು. ಅದುವರೆಗೆ ಇಡೀ ವಿಭಾಗದ ಉತ್ಪಾದನೆಯ ಮೇಲೆ ಲೆಕ್ಕವಾಗುತ್ತಿದ್ದ ಪೀಸ್ ರೇಟನ್ನು ಈ ಸಣ್ಣ ಗುಂಪಿನ ಉತ್ಪಾದನೆಗಷ್ಟೇ ಕಟ್ಟಿದರು. ಅಂದರೆ ಒಬ್ಬಳು ಚುರುಕಾಗಿ ದುಡಿದರೆ ಅದರ ಫಲ ಅವಳ ಕೈಗೇ ಹೆಚ್ಚು ಸಿಗುವಂತಾಯಿತು. 1928ರ ಜನವರಿಯಲ್ಲಿ ಐವರಲ್ಲಿ ಇಬ್ಬರನ್ನು ಮಾತು ಜಾಸ್ತಿ, ಸಹಕಾರ ಕಡಿಮೆ ಎಂದು ತೆಗೆದು ಬೇರೆ ಇಬ್ಬರನ್ನು ತಂದು ಕೂರಿಸಿದರು. ಅಲೆಕ್ಸ್ ಕೇರಿ ಎಂಬ ವಿಮರ್ಶಕ 1967ರಲ್ಲೇ ಈ ಪ್ರಯೋಗವನ್ನು ಕಟುವಾಗಿ ಪ್ರಶ್ನಿಸಿದ್ದರು. ದೀಪದ ಪ್ರಯೋಗದ ಮೂಲ ಅಂಕಿಅಂಶ ನಾಶವಾಗಿದೆ ಎಂದೇ ಬಹುಕಾಲ ನಂಬಲಾಗಿತ್ತು. ಅದನ್ನು ಹುಡುಕಿ ತೆಗೆದ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪುಸ್ತಕಗಳು ಹೇಳುವ ಆ ಚಮತ್ಕಾರ ಅಂಕಿಗಳಲ್ಲಿ ಕಾಣುವುದಿಲ್ಲ. ದೀಪ ಬದಲಿಸುತ್ತಿದ್ದದ್ದು ಭಾನುವಾರ, ಕಾರ್ಖಾನೆಗೆ ರಜೆಯಿದ್ದಾಗ; ಸೋಮವಾರ ಉತ್ಪಾದನೆ ಏರುತ್ತಿತ್ತು. ಆದರೆ ದೀಪ ಬದಲಿಸದ ವಾರಗಳಲ್ಲೂ ಸೋಮವಾರ ಅದು ಏರುತ್ತಲೇ ಇತ್ತು.

ಬೆಳಕಿಗೂ ಕೆಲಸಕ್ಕೂ ಏನು ಸಂಬಂಧ ಎಂದು ತಿಳಿಯಲು ಷಿಕಾಗೊವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರು ಸುತ್ತಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತು ಎಂದು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಧಂ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಎಲ್‌ಇಡಿ ಕಡಿಮೆ ಬಿಸಿ ಹೊರಬಿಡುತ್ತದೆ. ಅದರಿಂದ ಒಳಗಿನ ಸೆಖೆ ತಗ್ಗಿತು, ಬಿಸಿಲು ಜಾಸ್ತಿಯಿದ್ದ ದಿನಗಳಲ್ಲಿ ಉತ್ಪಾದನೆ ಏರಿತು. ಸೆಖೆಯಲ್ಲಿ ಕೂತು ಹೊಲಿಯುವವರ ಮೈ ಏನು ಹೇಳುತ್ತದೋ ಅದನ್ನೇ ಅಂಕಿಗಳೂ ಹೇಳಿವೆ. ಹಾಥಾರ್ನ್ ಪುಟದ ಪಕ್ಕದಲ್ಲಿ ಇದನ್ನು ಐದು ಸಾಲಿನಲ್ಲಿ ಬರೆದರೆ ಸಾಕು, ಪ್ರಯೋಗ ಎಂದರೇನು, ಸಂಶೋಧನೆ ಹೇಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಒಂದೇ ತರಗತಿಯಲ್ಲಿ ಅರ್ಥವಾಗುತ್ತದೆ.

ಮೂರನೆಯದಾಗಿ, ಪುಸ್ತಕದ ಹಿಂಭಾಗದ ಹೆಸರುಗಳ ಪಟ್ಟಿ. ಅಲ್ಲಿ ನಮ್ಮ ನೆಲದ ಕೆಲಸ, ನಮ್ಮ ಕೆಲಸಗಾರರು ಇದ್ದಾರೆಯೇ? ಮೆಕ್‌ಲೆಲ್ಯಾಂಡ್ ಅವರ ಸಾಧನಾ ಪ್ರೇರಣೆಯ ಸಿದ್ಧಾಂತ ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಅವರು ಅದನ್ನು ಪರೀಕ್ಷಿಸಿದ ಊರು ಆಂಧ್ರದ ಕಾಕಿನಾಡ ಎಂಬುದು ಎಷ್ಟು ಪುಸ್ತಕಗಳಲ್ಲಿದೆ? 1960ರ ದಶಕದಲ್ಲಿ ಅಲ್ಲಿನ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು, ಅವರ ವಹಿವಾಟು ಹೇಗೆ ಬದಲಾಯಿತೆಂದು ನೋಡಿ, 1969ರಲ್ಲಿ ಅವರು ಡೇವಿಡ್ ವಿಂಟರ್ ಜೊತೆ ಪುಸ್ತಕ ತಂದರು. ಸ್ವಾಯತ್ತ ಗುಂಪುಗಳ ಬಗ್ಗೆ ಬರೆಯುವವರು ಸ್ವೀಡನ್ನಿನ ವೋಲ್ವೊ ಕಾರ್ಖಾನೆಯನ್ನು ನೆನೆಯುತ್ತಾರೆ. ಅದಕ್ಕೂ ಮೊದಲೇ, 1953ರಲ್ಲಿ, ಅಹಮದಾಬಾದಿನ ಕ್ಯಾಲಿಕೊ ಮಿಲ್‌ನಲ್ಲಿ ಎ.ಕೆ. ರೈಸ್ ಅವರ ಸಲಹೆಯಂತೆ ನೇಕಾರರು ಸಣ್ಣ ಸಣ್ಣ ಗುಂಪುಗಳಾಗಿ, ಒಂದಷ್ಟು ಮಗ್ಗಗಳ ಪೂರ್ತಿ ಹೊಣೆ ಹೊತ್ತು ದುಡಿದಿದ್ದರು. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಕಡೆ ಆ ಪದ್ಧತಿ ಉಳಿದಿತ್ತು, ಉಳಿದ ಕಡೆ ಸವೆದಿತ್ತು. ಯಾಕೆ ಉಳಿಯಿತು, ಯಾಕೆ ಸವೆಯಿತು ಎಂಬ ಚರ್ಚೆಗಿಂತ ಒಳ್ಳೆಯ ಕೇಸ್ ಸ್ಟಡಿ ನಮಗೆ ಬೇರೆ ಯಾವುದು ಬೇಕು? ನಾಯಕತ್ವದ ಅಧ್ಯಾಯದಲ್ಲಿ ಜೆ.ಬಿ.ಪಿ. ಸಿನ್ಹಾ ಅವರು 1980ರಲ್ಲಿ ಮಂಡಿಸಿದ ವಿಚಾರಕ್ಕೂ ಜಾಗ ಬೇಕು. ಕೆಲಸದಲ್ಲಿ ಬಿಗಿ, ಮನುಷ್ಯನ ಮೇಲೆ ಅಕ್ಕರೆ, ಎರಡೂ ಕೂಡಿದ ಹಿರಿಯನನ್ನು ನಮ್ಮ ಜನ ಒಪ್ಪುತ್ತಾರೆ ಎಂಬ ಅವರ ಮಾತು ನಮ್ಮ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಒಪ್ಪದವರು ವಾದಕ್ಕೂ ನಿಲ್ಲುತ್ತಾರೆ.

ವಿದ್ವಾಂಸರ ಹೆಸರಷ್ಟೇ ಅಲ್ಲ, ನಮ್ಮ ಕೆಲಸಗಾರರೂ ಪುಸ್ತಕದಲ್ಲಿರಬೇಕು. ಪಿ.ಎಫ್. ಹಣ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಹೆಚ್ಚಿನವರು ಮಹಿಳೆಯರೇ, ಬೀದಿಗಿಳಿದರು. ಪ್ರತಿಭಟನೆ ಹಿಂಸೆಗೂ ತಿರುಗಿತು. ಕೇಂದ್ರ ಸರ್ಕಾರ ಎರಡು ದಿನದೊಳಗೆ ನಿಯಮ ಹಿಂತೆಗೆದುಕೊಂಡಿತು. ಗುಂಪು, ಸಂವಹನ, ಭದ್ರತೆಯ ಅಗತ್ಯ, ಸಂಘರ್ಷ, ಹೀಗೆ ಸಿಲಬಸ್ಸಿನ ಅರ್ಧ ಭಾಗ ಆ ಎರಡು ದಿನಗಳಲ್ಲಿದೆ. ಅಧಿಕಾರದ ಅಧ್ಯಾಯದಲ್ಲಿ ಐದು ಬಗೆಯ ಅಧಿಕಾರದ ಪಟ್ಟಿ ಕೊಟ್ಟು, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನಾಗಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಇರಲೇಬೇಕಾದ ಆಂತರಿಕ ಸಮಿತಿಯನ್ನಾಗಲಿ ಹೆಸರಿಸದ ಪುಸ್ತಕ, ನಾಳೆ ಕೆಲಸಕ್ಕೆ ಸೇರುವ ಹುಡುಗಿಗೆ ದ್ರೋಹ ಮಾಡಿದಂತೆ. ವೈವಿಧ್ಯದ ಬಗ್ಗೆ ಅಧ್ಯಾಯ ಬರೆದು ಜಾತಿಯ ಬಗ್ಗೆ ಒಂದೂ ಸಾಲು ಬರೆಯದ ಪುಸ್ತಕ ಭಾರತದ ಕೆಲಸದ ಜಾಗವನ್ನು ನೋಡಿಯೇ ಇಲ್ಲ.

ಇದಕ್ಕೆ ಸಹೋದ್ಯೋಗಿಗಳು ಹೇಳುವ ಆಕ್ಷೇಪ ನನಗೆ ಗೊತ್ತು. ಅದರಲ್ಲಿ ಹುರುಳೂ ಇದೆ. ನಮ್ಮ ಮಕ್ಕಳಲ್ಲಿ ಅನೇಕರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ದಪ್ಪ ಇಂಗ್ಲಿಷ್ ಪುಸ್ತಕ ಅವರಿಂದ ಓದಲಾಗದು, ಕೊಳ್ಳಲೂ ಆಗದು, ಸೆಮಿಸ್ಟರ್ ಚಿಕ್ಕದು. ಸರಿ. ಆದರೆ ಸರಳವಾಗಿ ಬರೆಯುವುದಕ್ಕೂ ಸತ್ಯ ಬಿಟ್ಟು ಬರೆಯುವುದಕ್ಕೂ ವ್ಯತ್ಯಾಸವಿದೆ. ಮಾಸ್ಲೊ ಬಗ್ಗೆ ಹೀಗೆ ಬರೆಯಬಹುದು: “ಮನುಷ್ಯನ ಅಗತ್ಯಗಳಿಗೆ ಒಂದು ಕ್ರಮವಿದೆ ಎಂದು ಮಾಸ್ಲೊ 1943ರಲ್ಲಿ ಸೂಚಿಸಿದರು. ಅದು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ ಎಂದು ಅವರೇ ಹೇಳಿದರು. ಆಮೇಲಿನ ಸಂಶೋಧನೆಯಲ್ಲಿ ಈ ಕ್ರಮಕ್ಕೆ ಹೆಚ್ಚಿನ ಬೆಂಬಲ ಸಿಕ್ಕಿಲ್ಲ. ನಿಮಗೆ ಗೊತ್ತಿರುವ ಮೂವರು ಕೆಲಸಗಾರರನ್ನು ಮಾತನಾಡಿಸಿ, ಅವರಿಗೆ ಯಾವುದು ಮುಖ್ಯ ಎಂದು ಬರೆದುಕೊಂಡು ಬನ್ನಿ.” ನಾಲ್ಕೇ ವಾಕ್ಯ, ಕಷ್ಟದ ಪದವೊಂದೂ ಇಲ್ಲ. ಪಿರಮಿಡ್ಡಿನ ಚಿತ್ರ ತಿನ್ನುವಷ್ಟು ಜಾಗವನ್ನೂ ಇದು ತಿನ್ನುವುದಿಲ್ಲ.

ಬೆಲೆಯ ಮಾತಿಗೂ ಈಗ ದಾರಿಯಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2019ರಲ್ಲಿ ತಂದ ಓಬಿ ಪಠ್ಯ ಮೊಬೈಲ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಅದರ ಉದಾಹರಣೆಗಳು ಹೆಚ್ಚಾಗಿ ಅಲ್ಲಿಯವು, ಆದ್ದರಿಂದ ಅದೊಂದೇ ಸಾಲದು. ಉದಯ್ ಪಾರೀಕ್ ಅವರಂಥ ಭಾರತೀಯ ವಿದ್ವಾಂಸರು ಬರೆದ ಪುಸ್ತಕವನ್ನು ಲೈಬ್ರರಿಗೆ ನಾಲ್ಕಾರು ಪ್ರತಿ ತರಿಸಿ ಪಕ್ಕದಲ್ಲಿಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜೊತೆಗೆ ಇಲ್ಲಿನ ಕೆಲಸದ ಜಾಗಗಳ ಹತ್ತು ಹನ್ನೆರಡು ಪ್ರಕರಣಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹಂಚುವ ಕೆಲಸವನ್ನು ಅಧ್ಯಾಪಕರೇ ಸೇರಿ ಮಾಡಬಹುದು.

ಆದರೆ ಪುಸ್ತಕಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪ್ರಕಾಶಕರು ಪ್ರಶ್ನೆಪತ್ರಿಕೆ ನೋಡಿ ಪುಸ್ತಕ ಮಾಡಿಸುತ್ತಾರೆ. “ಮಾಸ್ಲೊನ ಅಗತ್ಯಗಳ ಶ್ರೇಣಿಯನ್ನು ಚಿತ್ರದೊಂದಿಗೆ ವಿವರಿಸಿ” ಎಂದು ನಾವು ಮತ್ತೆ ಮತ್ತೆ ಕೇಳುವವರೆಗೂ ಆ ಪಿರಮಿಡ್ಡು ಪುಸ್ತಕದಿಂದ ಹೋಗದು, ಅದರ ಪಕ್ಕಕ್ಕೆ ವಿಮರ್ಶೆಯೂ ಬಾರದು. ಹಾಗಾಗಿ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ನನ್ನದು ಎರಡು ಬೇಡಿಕೆ. ಶಿಫಾರಸು ಮಾಡುವ ಪ್ರತಿ ಪುಸ್ತಕದ ಬಗ್ಗೆ ಇಬ್ಬರು ಅಧ್ಯಾಪಕರಿಂದ ಒಂದೊಂದು ಪುಟದ ವಿಮರ್ಶೆ ಬರೆಸಿ, ಸಿಲಬಸ್ಸಿನ ಜೊತೆಗೇ ಪ್ರಕಟಿಸಲಿ; ಇತ್ತೀಚಿನ ಆವೃತ್ತಿ ನಿಜವಾಗಿ ಪರಿಷ್ಕೃತವೋ, ಬರೀ ಮರುಮುದ್ರಣವೋ ಎಂಬುದು ಅದರಲ್ಲಿ ಇರಲಿ. ಎರಡನೆಯದಾಗಿ, ಪ್ರತಿ ಪತ್ರಿಕೆಯಲ್ಲೂ ಹತ್ತು ಅಂಕದ ಒಂದು ಪ್ರಶ್ನೆಯನ್ನಾದರೂ ಹೀಗೆ ಕೇಳಲಿ: “ಹಾಥಾರ್ನ್ ಪ್ರಯೋಗದ ತೀರ್ಮಾನವನ್ನು ನೀವು ಒಪ್ಪುತ್ತೀರಾ? ನಿಮಗೆ ಗೊತ್ತಿರುವ ಒಂದು ಕೆಲಸದ ಜಾಗವನ್ನು ಉದಾಹರಿಸಿ ಕಾರಣ ಕೊಡಿ.” ಇಂಥ ಪ್ರಶ್ನೆ ಎರಡು ವರ್ಷ ಸತತವಾಗಿ ಬಂದರೆ ಗೈಡ್ ಬರೆಯುವವರೂ ಮೂಲ ಲೇಖನಗಳನ್ನು ಓದಲೇಬೇಕಾಗುತ್ತದೆ. ತನ್ನಮ್ಮ ಹೇಳಿದ ಇನ್ಸೆಂಟಿವ್ ಮಾತನ್ನು ಉತ್ತರಪತ್ರಿಕೆಯಲ್ಲಿ ಬರೆದ ಹುಡುಗಿಗೆ ಅಂಕವೂ ಸಿಗುತ್ತದೆ.