ಬೈಗುಳದ ತೂಕ

ಹೊಗಳಿಕೆಗೆ ಎದುರಾಗಿ ತೆಗಳಿಕೆಯೆಂಬ ಮಾತು ಹಳಗನ್ನಡದ ಕಾಲದಿಂದಲೂ ನಮ್ಮಲ್ಲಿ ಇದೆ. ಆದರೆ ತೆಗಳಿಕೆಯ ತೂಕವನ್ನು ನಿಘಂಟು ತಿಳಿಸಲಾರದು. ಆಡಿದವನಾರು, ಆಡಿಸಿಕೊಂಡವನಾರು ಎಂಬುದನ್ನು ನೋಡಿಯೇ ಅದನ್ನು ಅರಿಯಬೇಕು.

ಗುಬ್ಬಿಯ ಸಂತೆಯಲ್ಲಿ ಹಳೆಯ ಗೆಳೆಯರಿಬ್ಬರು ಎದುರಾದರೆ "ಏನಲೇ, ಇನ್ನೂ ಬದುಕಿದ್ದೀಯೇನೋ?" ಎಂಬುದೇ ಕುಶಲಪ್ರಶ್ನೆ. ಕುಣಿಗಲ್ ಕಡೆಯ ಹೊಲದ ಬದುವಿನಲ್ಲಿಯೂ ಇದೇ ಸಲುಗೆ. ಬೈಸಿಕೊಂಡವನು ಅಷ್ಟೇ ಖಾರವಾಗಿ ಮರುನುಡಿಯುತ್ತಾನೆ; ಲೆಕ್ಕ ಅಲ್ಲಿಗೆ ಚುಕ್ತಾ. ಅದೇ "ಏನಲೇ" ಎಂಬುದನ್ನು ತುಮಕೂರಿನ ಕಚೇರಿಯೊಂದರಲ್ಲಿ ಜವಾನನು ಅಧಿಕಾರಿಗೆ ಅಂದರೆ ಅವನ ಅನ್ನಕ್ಕೇ ಸಂಚಕಾರ. ಅಧಿಕಾರಿಯು ಜವಾನನಿಗೆ ಅಂದರೆ ಯಾರೂ ತಲೆಯೆತ್ತಿ ನೋಡರು.

ದೊಡ್ಡವರನ್ನು ತೆಗಳುವ ಮಾತಿಗೆ ನಮ್ಮ ಪರಂಪರೆ ಬಾಗಿಲು ಮುಚ್ಚಿರಲಿಲ್ಲ. ಶರಣರು ತಮ್ಮ ಆರಾಧ್ಯದೈವವನ್ನೇ ಏಕವಚನದಲ್ಲಿ ಕರೆದು ಪ್ರಶ್ನಿಸಿದರು. ಹರಿದಾಸರು ನಿಂದಾಸ್ತುತಿಯನ್ನು ಹಾಡಿದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನಲ್ಲೆಲ್ಲ ಬೆಳಗಿಸಿದ ಗುಬ್ಬಿ ವೀರಣ್ಣನವರು ಹಾಸ್ಯನಟರೆಂದೇ ಹೆಸರಾದವರು. ಸಂಸ್ಕೃತ ನಾಟಕದ ವಿದೂಷಕನು ರಾಜನೊಡನೆ ವಹಿಸುತ್ತಿದ್ದ ಸಲುಗೆಯೇ ಕಂಪನಿ ನಾಟಕದ ಹಾಸ್ಯಗಾರನಿಗೂ ದೊರೆಯಿತು. ಪ್ರಜೆಗಳು ನಕ್ಕರು, ಸಿಂಹಾಸನವೇನೂ ಉರುಳಲಿಲ್ಲ.

ಹಾಗೆಂದು ಹಿರಿಯರ ಮೇಲಿನ ಹೊಲಸು ಮಾತೆಲ್ಲವೂ ಧೈರ್ಯವೆನಿಸದು. ನ್ಯಾಯವಾದ ದೂರು ಹೊಲಸು ಮಾತಿನಲ್ಲಿ ಹೊರಬಿದ್ದಾಗ, ಕೇಳುವವರು ಹೊಲಸನ್ನು ಮಾತ್ರ ನೆನಪಿಟ್ಟು ದೂರನ್ನು ಮರೆಯುತ್ತಾರೆ. ನಷ್ಟ ಬೈದವನಿಗೇ.

ಕಾನೂನು ಕೂಡ ಈ ತಾರತಮ್ಯವನ್ನು ತಡವಾಗಿ ಗುರುತಿಸಿತು. 1860ರ ದಂಡಸಂಹಿತೆಯ 504ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ನ್ಯಾಯ ಸಂಹಿತೆಯ 352ನೆಯ ಕಲಮು, ಇವೆರಡೂ ಶಾಂತಿಭಂಗಕ್ಕೆ ಕೆರಳಿಸುವ ಅವಮಾನವನ್ನು ಮೇಲು ಕೀಳೆಣಿಸದೆ ಅಪರಾಧವೆನ್ನುತ್ತವೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಅಧಿನಿಯಮವು ಬೈದವನ ಮತ್ತು ಬೈಸಿಕೊಂಡವನ ಸ್ಥಾನವನ್ನೂ ಗಣನೆಗೆ ತಂದಿತು.

ಶಾಲೆಗಳಲ್ಲಿ ಈ ವಿವೇಕ ಇನ್ನೂ ಬೇರೂರಿಲ್ಲ. ಉಪಾಧ್ಯಾಯರ ಬೆನ್ನ ಹಿಂದೆ ಗೊಣಗಿದ ಬಾಲಕನಿಗೆ ಶಿಕ್ಷೆ ತಪ್ಪದು. ಸಹಪಾಠಿಯ ಜಾತಿಯನ್ನೋ ಬಡತನವನ್ನೋ ಎತ್ತಿ ಆಡಿದವನಿಗೆ "ಹುಡುಗಾಟ"ವೆಂಬ ಕ್ಷಮೆ ದೊರೆಯುತ್ತದೆ. ಮೊದಲನೆಯವನಿಗೆ ಅವನ ದೂರೇನೆಂದು ಕೇಳಿ, ಸಭ್ಯವಾಗಿ ನುಡಿಯುವುದನ್ನು ಕಲಿಸಬೇಕು; ಎರಡನೆಯವನನ್ನು ಅಂದೇ ತಿದ್ದಬೇಕು. ಜೊತೆಗೆ ತರಗತಿಯಲ್ಲಿ "ದಡ್ಡ", "ಕತ್ತೆ" ಎಂದು ಸಲೀಸಾಗಿ ಅನ್ನುವ ಗುರುವೂ ತನ್ನ ಮಾತನ್ನು ತೂಗಿಕೊಳ್ಳಬೇಕು. ಆ ಮಗು ಮರುನುಡಿಯಲಾರದು. ಮರುನುಡಿಯಲಾರದವರನ್ನು ಬೈಯುವುದೇ ಬೈಗುಳಗಳಲ್ಲೆಲ್ಲ ಹೀನವಾದುದು.